ಸಾಲಿನಲ್ಲಿ ನಿಂತವರ ಪರವಾಗಿ ಒಂದು ಮಾತು

ಕಳೆದ ರಜೆಯಲ್ಲಿ ಅಬುಧಾಬಿಯಿಂದ ಬಂದಿದ್ದ ನನ್ನ ಮಾಮ ಊಟಕ್ಕೆ ಕುಳಿತಾಗ, "ಇನ್ನು ಡಿಸ್ನಿಲ್ಯಾಂಡ್ ನೋಡಲು ಅಮೆರಿಕಕ್ಕೆ ಹೋಗಬೇಕಂತ ಇಲ್ಲ, ನಮ್ಮ ಯಾಸ್ ದ್ವೀಪಕ್ಕೇ ಬರ್ತದೆ" ಎಂದರು. ಅವರು ಹೇಳಿದ್ದು ನಿಜ. 2025ರ ಮೇ ತಿಂಗಳಲ್ಲಿ ಡಿಸ್ನಿ ಕಂಪನಿ ಅಬುಧಾಬಿಯಲ್ಲಿ ತನ್ನ ಏಳನೆಯ ಪಾರ್ಕ್ ತಾಣವನ್ನು ಪ್ರಕಟಿಸಿತು. ಅಷ್ಟು ಹೇಳಿದ್ದೇ ತಡ, ಮನೆಯಲ್ಲಿ ಚರ್ಚೆ ಶುರುವಾಯಿತು. ಮಾಮನ ಮಗನಿಗೆ ಈ ಪಾರ್ಕ್‌ಗಳ ಹುಚ್ಚು. "ಡಿಸ್ನಿಯ ಹಳೆಯ ಮಟ್ಟ ಈಗ ಇಲ್ಲ, ಎಲ್ಲಿ ನೋಡಿದರೂ ಸಿನಿಮಾದ ಜಾಹೀರಾತು" ಎಂದು ಅವನ ವಾದ. ನನ್ನ ತಮ್ಮನಿಗೆ ಬೇಕಾದದ್ದು ವೇಗ ಮಾತ್ರ. ಅದೇ ಯಾಸ್ ದ್ವೀಪದ ಫೆರಾರಿ ವರ್ಲ್ಡ್‌ನಲ್ಲಿ 2010ರಿಂದ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಓಡುವ ರೋಲರ್ ಕೋಸ್ಟರ್ ಇದೆ, ಅದರ ಮುಂದೆ ಮಿಕ್ಕಿ ಮೌಸ್ ಯಾವ ಲೆಕ್ಕ ಎಂದು ಅವನು ಕೇಳಿದ. ಎಲ್ಲರ ಮಾತು ಮುಗಿದ ಮೇಲೆ ಉಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಇರಲಿ, ಅಲ್ಲಿ ನೆರಳಿನಲ್ಲಿ ಕೂತುಕೊಳ್ಳಲಿಕ್ಕೆ ಜಾಗ ಉಂಟಾ?"

ನಾವೆಲ್ಲ ನಕ್ಕೆವು. ಆದರೆ ಆಮೇಲೆ ಓದಿದಾಗ ತಿಳಿಯಿತು, ಡಿಸ್ನಿಲ್ಯಾಂಡ್ ಹುಟ್ಟಿದ್ದೇ ಇಂಥದ್ದೊಂದು ಪ್ರಶ್ನೆಯಿಂದ. ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಮರದ ಕುದುರೆಗಳ ಮೇಲೆ ಸುತ್ತುತ್ತಿದ್ದರೆ ತಾವು ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದರು. ಅಪ್ಪ ಅಮ್ಮನೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಯಾಕಿಲ್ಲ ಎಂಬ ಯೋಚನೆ ಬಂದದ್ದು ಅಲ್ಲಿಯೇ ಎಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಆಗ ದೊಡ್ಡವರಿಗೆ ಪ್ರವೇಶ ದರ ಒಂದು ಡಾಲರ್. ರೈಡ್‌ಗಳಿಗೆ ಬೇರೆ ಟಿಕೆಟ್ ಕೊಳ್ಳಬೇಕಿತ್ತು. ಇಂದು ಜನಸಂದಣಿಯ ದಿನಗಳಲ್ಲಿ ಅಲ್ಲಿನ ಒಂದು ದಿನದ ಟಿಕೆಟ್ 200 ಡಾಲರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ತಲೆಗೆ 17 ಸಾವಿರ ರೂಪಾಯಿಗೂ ಹೆಚ್ಚು.

ಪ್ರಪಂಚದಾದ್ಯಂತ ಈ ಪಾರ್ಕ್‌ಗಳಿಗೆ ಕ್ರಿಕೆಟ್ ತಂಡಗಳಿಗೆ ಇರುವಂಥದೇ ಅಭಿಮಾನಿಗಳಿದ್ದಾರೆ. ಅವರ ಜಗಳ ಮುಖ್ಯವಾಗಿ ಎರಡು ಬಣಗಳದ್ದು. ಒಂದು ಬಣ ಹೇಳುತ್ತದೆ: ಹಿಂದೆ ಪಾರ್ಕ್‌ನವರು ಸ್ವಂತ ಕಥೆ ಕಟ್ಟುತ್ತಿದ್ದರು. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ರೈಡ್ ಬಂದದ್ದು 1967ರಲ್ಲಿ, ಅದರ ಮೇಲೆ ಸಿನಿಮಾ ಬಂದದ್ದು 2003ರಲ್ಲಿ. ಈಗ ಎಲ್ಲವೂ ತಿರುವುಮುರುವು, ಸಿನಿಮಾ ಗೆದ್ದರೆ ಮಾತ್ರ ರೈಡ್. ಫ್ಲಾರಿಡಾದ ಎಪ್ಕಾಟ್ ಪಾರ್ಕ್‌ನಲ್ಲಿ ನಾರ್ವೆ ದೇಶವನ್ನು ಪರಿಚಯಿಸುವ ದೋಣಿಯಾನವೊಂದು ಇತ್ತು. ಅದನ್ನು 2014ರಲ್ಲಿ ಮುಚ್ಚಿ, 2016ರಲ್ಲಿ ಅದೇ ಜಾಗದಲ್ಲಿ 'ಫ್ರೋಜನ್' ರೈಡ್ ತೆರೆದರು. ಆ ಸಿನಿಮಾ ನಡೆಯುವುದೋ ಭೂಪಟದಲ್ಲೇ ಇಲ್ಲದ ಒಂದು ರಾಜ್ಯದಲ್ಲಿ! ಇನ್ನೊಂದು ಬಣದ ಉತ್ತರ: ಜನ ಬರುವುದೇ ತಮಗೆ ಗೊತ್ತಿರುವ ಪಾತ್ರಗಳನ್ನು ನೋಡಲು. 2010ರಲ್ಲಿ ಯುನಿವರ್ಸಲ್ ಸಂಸ್ಥೆ ಆರ್ಲ್ಯಾಂಡೊದಲ್ಲಿ ಹ್ಯಾರಿ ಪಾಟರ್ ಲೋಕವನ್ನು ಕಟ್ಟಿದಾಗ ಸಿನಿಮಾದ ಕಥೆಯನ್ನೂ ಎಷ್ಟು ಶ್ರದ್ಧೆಯಿಂದ ಕಟ್ಟಬಹುದು ಎಂದು ಎಲ್ಲರಿಗೂ ಗೊತ್ತಾಯಿತು.

ನನಗೆ ಎರಡೂ ಕಡೆಯಲ್ಲಿ ಸತ್ಯ ಕಾಣುತ್ತದೆ. ಹಳೆಯದೆಲ್ಲ ಒಳ್ಳೆಯದು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 'ಸ್ಪ್ಲಾಷ್ ಮೌಂಟನ್' ಎಂಬ ನೀರಿನ ರೈಡನ್ನು 2023ರಲ್ಲಿ ಮುಚ್ಚಿದಾಗ ಅನೇಕರು ಕಣ್ಣೀರು ಹಾಕಿದರು. ಆದರೆ ಆ ರೈಡಿನ ಮೂಲ 1946ರ ಒಂದು ಸಿನಿಮಾ. ಗುಲಾಮಗಿರಿ ಮುಗಿದ ಕಾಲದ ಕಪ್ಪು ಜನರ ಬದುಕನ್ನು ಸುಖದ ಬದುಕು ಎಂಬಂತೆ ತೋರಿಸಿದ್ದಕ್ಕೆ ಟೀಕೆಗೆ ಗುರಿಯಾದ ಸಿನಿಮಾ ಅದು. ಅಮೆರಿಕದಲ್ಲಿ ಅದರ ವಿಡಿಯೋ ಕ್ಯಾಸೆಟ್ಟನ್ನೂ ಡಿಸ್ನಿ ಮಾರಲಿಲ್ಲ. 2024ರಲ್ಲಿ ಆ ಜಾಗಕ್ಕೆ ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ ಟಿಯಾನಾಳ ಕಥೆ ಬಂತು. ಹೊಸ ರೈಡಿನಲ್ಲಿ ಕಥೆಗೆ ಕಸುವಿಲ್ಲ ಎಂದು ಯಾರಾದರೂ ಹೇಳಿದರೆ ಅದು ವಿಮರ್ಶೆ. ನನ್ನ ಬಾಲ್ಯದಲ್ಲಿ ಇದ್ದದ್ದು ಹಾಗೆಯೇ ಇರಲಿ ಎಂದರೆ ಅದು ಹಟ. ಒಬ್ಬರಿಗೆ ಅವಮಾನವಾಗುವ ಮನರಂಜನೆಯನ್ನು ಬದಲಾಯಿಸಿದ್ದು ಸರಿಯೇ ಎಂದು ನನ್ನ ಅಭಿಪ್ರಾಯ.

ಆದರೆ ಈ ಎರಡು ಬಣಗಳ ಗಲಾಟೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದು ಹಿಂದೆ ಸರಿಯುತ್ತಿದೆ. ಅದು ಸಾಲಿನ ಪ್ರಶ್ನೆ.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಪ್ರಥಮ ಪಿಯುಸಿಯಲ್ಲಿ ನಾವು ಒಂದು ಪಾರ್ಕಿಗೆ ಪ್ರವಾಸ ಹೋಗಿದ್ದೆವು. ಹೆಸರು ಬೇಡ. ಬಾಗಿಲಲ್ಲಿ ಹೆಚ್ಚಿನ ಹಣ ಕೊಟ್ಟರೆ ಕೈಗೊಂದು ಬ್ಯಾಂಡ್ ಕಟ್ಟುತ್ತಾರೆ, ಸಾಲು ಬಿಟ್ಟು ಪಕ್ಕದ ದಾರಿಯಲ್ಲಿ ಹೋಗಬಹುದು ಎಂದರು. ಮಾಮ ಕಳಿಸಿದ್ದ ಹಣ ನನ್ನ ಬಳಿ ಇತ್ತು, ತೆಗೆದುಕೊಂಡೆ. ತರಗತಿಯಲ್ಲಿ ದಿನವೂ ನನ್ನ ಪಕ್ಕ ಕೂರುವ ಗೆಳತಿ ತೆಗೆದುಕೊಳ್ಳಲಿಲ್ಲ. "ನನಗೆ ಹೇಗೂ ಹೆದರಿಕೆ, ನೀನು ಹೋಗು" ಎಂದಳು. ನಾನು ಅದನ್ನು ನಂಬಿದೆ, ಅಥವಾ ನಂಬಿದಂತೆ ಮಾಡಿದೆ. ದೊಡ್ಡ ರೈಡಿನಲ್ಲಿ ನಾನು ಮೂರು ಸಲ ಕೂತು ಬಂದೆ. ಮೂರನೇ ಸಲ ಇಳಿದು ಬರುವಾಗ ಅವಳು ಬಿಸಿಲಿನಲ್ಲಿ ಅದೇ ಸಾಲಿನಲ್ಲಿ ನಿಂತಿದ್ದಳು. ಹೆದರಿಕೆ ಇದ್ದವಳು ಆ ಸಾಲಿನಲ್ಲಿ ಯಾಕೆ ನಿಲ್ಲುತ್ತಾಳೆ? ನನ್ನನ್ನು ನೋಡಿ ನಕ್ಕು ಕೈಬೀಸಿದಳು. ಬಸ್ಸಿನಲ್ಲಿ ಬ್ಯಾಂಡ್ ಇದ್ದವರು ಹಿಂದೆ ಕೂತು ಹರಟಿದೆವು, ಇಲ್ಲದವರು ಮುಂದೆ ಕೂತಿದ್ದರು. ಬೆಳಿಗ್ಗೆ ಒಂದೇ ತರಗತಿಯಾಗಿ ಹೋದವರು ಸಂಜೆ ಎರಡಾಗಿ ಬಂದಿದ್ದೆವು.

ದೊಡ್ಡ ಪಾರ್ಕ್‌ಗಳಲ್ಲಿ ಆದದ್ದೂ ಇದೇ. 1999ರಲ್ಲಿ ಡಿಸ್ನಿ 'ಫಾಸ್ಟ್‌ಪಾಸ್' ಎಂಬ ವ್ಯವಸ್ಥೆ ತಂದಿತು. ಯಂತ್ರದಲ್ಲಿ ಟಿಕೆಟ್ ತೋರಿಸಿದರೆ ಒಂದು ಸಮಯ ಬರೆದ ಚೀಟಿ ಬರುತ್ತಿತ್ತು. ಆ ಸಮಯಕ್ಕೆ ಬಂದರೆ ಹೆಚ್ಚು ಕಾಯದೆ ಒಳಗೆ ಹೋಗಬಹುದಿತ್ತು. ಅದು ಪ್ರವೇಶ ಟಿಕೆಟ್ ಇದ್ದ ಎಲ್ಲರಿಗೂ ಉಚಿತ. ಸೋಂಕಿನ ಕಾಲದಲ್ಲಿ ನಿಂತ ಈ ವ್ಯವಸ್ಥೆ ಮತ್ತೆ ಬರಲಿಲ್ಲ. 2021ರಲ್ಲಿ ಅದರ ಬದಲು ಹಣ ಕೊಟ್ಟು ಹೋಗುವ 'ಲೈಟ್ನಿಂಗ್ ಲೇನ್' ಬಂತು. 2024ರಲ್ಲಿ ಇನ್ನೂ ಮೇಲಿನ ದರ್ಜೆಯ ಪಾಸ್ ಬಂತು. ಅದರ ಬೆಲೆ ಕೆಲವು ದಿನಗಳಲ್ಲಿ ಒಬ್ಬರಿಗೆ 400 ಡಾಲರಿಗೂ ಹೆಚ್ಚು, ಅದೂ ಪ್ರವೇಶ ಟಿಕೆಟ್ ಬಿಟ್ಟು!

"ಹಣ ಇದ್ದವರು ಕೊಡುತ್ತಾರೆ, ನಿನಗೇನು ನಷ್ಟ?" ಎಂದು ಮಾಮನ ಮಗ ಕೇಳಿದ. ನಾನು ವಾಣಿಜ್ಯ ವಿಭಾಗದವಳು, ಲೆಕ್ಕ ಹಾಕಿ ತೋರಿಸಿದೆ. ಒಂದು ರೈಡ್ ಗಂಟೆಗೆ 1200 ಜನರನ್ನು ಕೂರಿಸುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಮುಂದೆ 600 ಜನರಿದ್ದಾರೆ. ಒಂದೇ ಸಾಲಾದರೆ ಅರ್ಧ ಗಂಟೆಯಲ್ಲಿ ನಿಮ್ಮ ಸರದಿ ಬರುತ್ತದೆ. ಈಗ ಗಂಟೆಗೆ 800 ಸೀಟುಗಳನ್ನು ಹಣ ಕೊಟ್ಟ ಸಾಲಿಗೆ ಮೀಸಲಿಟ್ಟರೆ ನಿಮ್ಮ ಸಾಲಿಗೆ ಉಳಿಯುವುದು 400. ಅದೇ 600 ಜನ ಮುಗಿಯಲು ಒಂದೂವರೆ ಗಂಟೆ ಬೇಕು. ರೈಡ್ ಒಂದು ಸುತ್ತನ್ನೂ ಹೆಚ್ಚು ಓಡಿಲ್ಲ. ಒಬ್ಬರು ಉಳಿಸಿದ ಸಮಯ ಇನ್ನೊಬ್ಬರ ಜೇಬಿನಿಂದ ಹೋಗಿದೆ, ಅಷ್ಟೇ. ಹೆಚ್ಚು ಹಣ ಕೊಟ್ಟು ದೊಡ್ಡ ಐಸ್‌ಕ್ರೀಮ್ ತಿಂದರೆ ನನ್ನ ಐಸ್‌ಕ್ರೀಮ್ ಚಿಕ್ಕದಾಗುವುದಿಲ್ಲ. ಸಾಲು ಹಾಗಲ್ಲ. ಇನ್ನೂ ಒಂದು ಅಪಾಯವಿದೆ. ಸಾಮಾನ್ಯ ಸಾಲು ಉದ್ದವಾದಷ್ಟೂ ಪಾಸಿನ ಮಾರಾಟ ಹೆಚ್ಚುತ್ತದೆ. ಹಾಗಾದರೆ ಸಾಲನ್ನು ಚಿಕ್ಕದು ಮಾಡುವ ಆಸಕ್ತಿ ಪಾರ್ಕಿನವರಿಗೆ ಎಲ್ಲಿಂದ ಬರಬೇಕು?

ಎದುರು ವಾದಗಳೂ ಇವೆ. ಹಿಂದೆಯೂ ಹಣವಿದ್ದವರು ಹೆಚ್ಚು ರೈಡ್ ಟಿಕೆಟ್ ಕೊಳ್ಳುತ್ತಿದ್ದರು, ನಿಜ. ಆದರೆ ಆ ಟಿಕೆಟ್ ಅವರನ್ನು ಇನ್ನೊಬ್ಬರ ಮುಂದೆ ತಂದು ನಿಲ್ಲಿಸುತ್ತಿರಲಿಲ್ಲ. ಜೀವನದಲ್ಲಿ ಒಮ್ಮೆ ಬರುವ ದೂರದ ಕುಟುಂಬಕ್ಕೆ ಸಮಯ ಮುಖ್ಯ ಎಂಬುದೂ ನಿಜ. ಆದರೆ ಒಮ್ಮೆ ಮಾತ್ರ ಬರಲು ಸಾಧ್ಯವಾಗುವ ಬಡ ಕುಟುಂಬಕ್ಕೆ ಅದು ಇನ್ನೂ ಮುಖ್ಯ. ನಿಲ್ಲಲಾರದವರಿಗೆ, ಅಂಗವಿಕಲರಿಗೆ ಬೇರೆ ದಾರಿ ಇರಲೇಬೇಕು. ಅದು ಅಗತ್ಯ ನೋಡಿ ಕೊಡುವ ದಾರಿ, ಹಣ ನೋಡಿ ಅಲ್ಲ. ಪಾರ್ಕ್ ನಡೆಸಲು ಹಣ ಬೇಕು ಎಂಬುದು ಕೊನೆಯ ವಾದ. ಅದಕ್ಕೆ ಉತ್ತರ ಹುಡುಕಲು ಬೇರೆ ಪಾರ್ಕ್‌ಗಳನ್ನು ನೋಡಬೇಕು.

ಅನೇಕ ಅಭಿಮಾನಿಗಳು ಜಗತ್ತಿನ ಅತ್ಯುತ್ತಮ ಪಾರ್ಕ್ ಎಂದು ಹೇಳುವುದು 2001ರಲ್ಲಿ ತೆರೆದ ಟೋಕಿಯೋ ಡಿಸ್ನಿಸೀಯನ್ನು. ತಮಾಷೆಯೆಂದರೆ ಅದರ ಒಡೆತನ ಡಿಸ್ನಿಯದ್ದಲ್ಲ. ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ ತನ್ನ ಹಣದಿಂದ ಕಟ್ಟಿಸಿ, ಡಿಸ್ನಿಗೆ ರಾಯಧನ ಕೊಟ್ಟು ನಡೆಸುತ್ತದೆ. ಮತ್ತೆ ಮತ್ತೆ ಬರುವ ತನ್ನದೇ ಊರಿನ ಜನರನ್ನು ಅದು ನಂಬಿಕೊಂಡಿದೆ. ಅಲ್ಲಿಯೂ 2022ರಿಂದ ಹಣದ ಪಾಸ್ ಬಂದಿದೆ. ಆದರೆ ಮರುವರ್ಷ ಎಲ್ಲರಿಗೂ ಸಿಗುವ ಉಚಿತ ಪಾಸನ್ನೂ ತಂದರು. ಮನಸ್ಸಿದ್ದರೆ ದಾರಿ ಇದೆ ಎಂದಾಯಿತಲ್ಲ?

ನನಗೆ ಇನ್ನೂ ಇಷ್ಟವಾದದ್ದು ನೆದರ್ಲೆಂಡ್ಸ್‌ನ ಎಫ್ಟೆಲಿಂಗ್. 1952ರಲ್ಲಿ, ಅಂದರೆ ಡಿಸ್ನಿಲ್ಯಾಂಡಿಗಿಂತ ಮೊದಲೇ, ಅಲ್ಲಿನ ಕಾಲ್ಪನಿಕ ಕಥೆಗಳ ಕಾಡು ತೆರೆಯಿತು. ಆಂಟನ್ ಪೀಕ್ ಎಂಬ ಚಿತ್ರಕಾರ ಅದನ್ನು ರೂಪಿಸಿದರು. ಪಾರ್ಕಿನ ಒಡೆತನ ಒಂದು ಪ್ರತಿಷ್ಠಾನದ್ದು. ಮರಗಳ ನಡುವೆ ನಡೆಯುತ್ತ ಕಥೆಗಳನ್ನು ನೋಡಲು ಸಾಲೂ ಬೇಡ, ಪಾಸೂ ಬೇಡ. 1950ರ ದಶಕದಿಂದ ಅಲ್ಲಿ ದೊಡ್ಡ ಬಾಯಿಯ ಬೊಂಬೆಯ ಕಸದ ಡಬ್ಬಿಗಳಿವೆ. "ಕಾಗದ ಇಲ್ಲಿ ಹಾಕಿ" ಎಂದು ಅವು ಕೂಗುತ್ತವೆ, ಕಸ ಹಾಕಿದರೆ ಧನ್ಯವಾದ ಹೇಳುತ್ತವೆ. ಮಕ್ಕಳು ಕಸ ಹುಡುಕಿಕೊಂಡು ಓಡುತ್ತಾರೆ! ಗುಣಮಟ್ಟ ಎಂದರೆ ಇದು. ಕೋಟ್ಯಂತರ ಡಾಲರಿನ ರೈಡ್ ಅಲ್ಲ, ಕಸದ ಡಬ್ಬಿಯಲ್ಲೂ ಮಗುವಿನ ಬಗ್ಗೆ ಯೋಚಿಸಿರುವುದು.

ಇದಕ್ಕೆ ವಿರುದ್ಧವಾದದ್ದು ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆದಿದೆ. 1971ರಿಂದ ಅಲ್ಲಿ ಒಂದು ನದಿ, ಅದರಲ್ಲಿ ನಿಧಾನವಾಗಿ ಸಾಗುವ ಹಳೆಯ ಮಾದರಿಯ ದೋಣಿ ಇತ್ತು. 2025ರ ಜುಲೈನಲ್ಲಿ ಅದನ್ನು ಮುಚ್ಚಿದರು, ಆ ಜಾಗಕ್ಕೆ 'ಕಾರ್ಸ್' ಸಿನಿಮಾದ ರೈಡ್‌ಗಳು ಬರಲಿವೆ. ಅದೇ ವರ್ಷ ಮೇ ತಿಂಗಳಲ್ಲಿ ತೆರೆದ ಯುನಿವರ್ಸಲ್‌ನ 'ಎಪಿಕ್ ಯುನಿವರ್ಸ್' ಎಂಬ ಭಾರೀ ಪಾರ್ಕಿನ ಬಗ್ಗೆ ಅಭಿಮಾನಿಗಳೇ ಹೇಳಿದ ದೂರು ಏನು ಗೊತ್ತೇ? ನೆರಳು ಸಾಲದು ಎಂದು. ಉಮ್ಮ ಕೇಳಿದ ಪ್ರಶ್ನೆ ಅಷ್ಟೇನೂ ತಮಾಷೆಯದ್ದಲ್ಲ.

ಅಬುಧಾಬಿಯಲ್ಲೂ ಟೋಕಿಯೋದಂಥದೇ ವ್ಯವಸ್ಥೆ. ಕಟ್ಟಿ ನಡೆಸುವುದು ಅಲ್ಲಿನ ಮಿರಾಲ್ ಕಂಪನಿ, ವಿನ್ಯಾಸದ ನೇತೃತ್ವ ಡಿಸ್ನಿಯದ್ದು. ಆದ್ದರಿಂದ ನಿರ್ಧಾರ ಸ್ಥಳೀಯರ ಕೈಯಲ್ಲೂ ಇರುತ್ತದೆ. ಆ ಊರಿನಲ್ಲಿ ನಮ್ಮ ಕರಾವಳಿಯ ಎಷ್ಟೋ ಮನೆಗಳವರು ಅಂಗಡಿಯಲ್ಲಿ, ಹೋಟೆಲಿನಲ್ಲಿ, ಕಟ್ಟಡಗಳಲ್ಲಿ ದುಡಿಯುತ್ತಿದ್ದಾರೆ. ಅವರೂ ಒಂದು ದಿನ ಮಕ್ಕಳನ್ನು ಕರೆದುಕೊಂಡು ಆ ಬಾಗಿಲಿಗೆ ಹೋಗುತ್ತಾರೆ. ಅತಿ ಕಡಿಮೆ ದರದ ಟಿಕೆಟ್ ಹಿಡಿದು ಹೋದವನಿಗೆ ಆ ದಿನ ಹೇಗೆ ಕಳೆಯಿತು ಎಂಬುದರಿಂದಲೇ ನಾನು ಆ ಪಾರ್ಕನ್ನು ಅಳೆಯುತ್ತೇನೆ.

ಗೆಳೆಯರೇ, ಅಬುಧಾಬಿಯ ಪಾರ್ಕನ್ನು ನಾವು ನಿರ್ಧರಿಸಲಾರೆವು. ನಮ್ಮ ಪ್ರವಾಸವನ್ನು ನಿರ್ಧರಿಸಬಲ್ಲೆವು. ಈ ವರ್ಷದ ಪ್ರವಾಸ ಸಮಿತಿಗೆ ನನ್ನದೊಂದು ವಿನಂತಿ: ಎಲ್ಲಿಗೇ ಹೋದರೂ ವೇಗದ ಬ್ಯಾಂಡ್ ತೆಗೆದುಕೊಂಡರೆ ಎಲ್ಲರಿಗೂ ತೆಗೆದುಕೊಳ್ಳೋಣ, ಇಲ್ಲದಿದ್ದರೆ ಯಾರಿಗೂ ಬೇಡ. ಕಾಯುವುದಾದರೆ ಒಟ್ಟಿಗೆ ಕಾಯೋಣ. ಸಾಲಿನಲ್ಲಿ ಹೇಳಿದ ಜೋಕುಗಳು, ಹಂಚಿಕೊಂಡ ನೀರಿನ ಬಾಟಲಿ, ನಮ್ಮ ಸರದಿ ಹತ್ತಿರ ಬಂದಾಗ ಕೈ ಹಿಡಿದುಕೊಂಡದ್ದು ಕೂಡ ಪ್ರವಾಸವೇ. ಕಳೆದ ಸಲ ನಾನು ಅದನ್ನು ಕಳೆದುಕೊಂಡೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ನನ್ನ ಗೆಳತಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಅವಳು ಹೇಳಿದ್ದು ಇಷ್ಟೇ: "ನನಗೆ ಹೆದರಿಕೆ ಇರಲಿಲ್ಲ ಮಾರಾಯ್ತಿ."

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ