ನೀರಿನ ನಡುವಿನ ನೆಲ

ನೀರು ಸುತ್ತುವರಿದ ನೆಲಕ್ಕೆ ನಮ್ಮ ನುಡಿಯಲ್ಲಿ ಹೆಸರುಗಳು ಹಲವು. ನಡುಗಡ್ಡೆ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ಮಾತು. ಹಳಗನ್ನಡವನ್ನು ಓದಿದವರಿಗೆ ಕುರುವ ಎಂಬ ಶಬ್ದ ಪರಿಚಿತ. ಕರಾವಳಿಯ ಬಂಧುಗಳು ಕುದುರು ಎನ್ನುತ್ತಾರೆ. ಕಾವೇರಿಯ ಸೀಮೆಯವರಿಗೆ ಅದು ತಿಟ್ಟು. ಸಮೇತನಹಳ್ಳಿಯ ಹುಡುಗರಾದ ನಮಗೆ ಮಾತ್ರ ಅದು ಬರಿಯ ದಿಣ್ಣೆ; ಕೆರೆ ತುಂಬಿದಾಗ ನೀರಿನ ನಡುವೆ ಉಳಿಯುತ್ತಿದ್ದ, ನಾಲ್ಕಾರು ಜಾಲಿಮರಗಳ ದಿಣ್ಣೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕಳೆದ ಫಾಲ್ಗುಣದಲ್ಲಿ ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿಗೆ ಹೋಗಿದ್ದೆ. ಪ್ರಕೃತಿಯೇ ನಿರ್ಮಿಸಿದ ಪಕ್ಷಿಕಾಶಿ ಎಂದು ಅದನ್ನು ಹೊಗಳುವುದು ವಾಡಿಕೆ. ಇದು ಪೂರ್ತಿ ನಿಜವಲ್ಲ. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿದರು. ನೀರು ಹಿಂದಕ್ಕೆ ನಿಂತು ಕೆರೆಯಂತೆ ಹರಡಿತು. ಎತ್ತರದ ನೆಲಗಳು ಮಾತ್ರ ತಲೆಯೆತ್ತಿ ತಿಟ್ಟುಗಳಾದವು. ಕಟ್ಟಿದವರ ಲಕ್ಷ್ಯವೆಲ್ಲ ನಾಲೆಯ ಮೇಲೆ, ಗದ್ದೆಯ ಮೇಲೆ. ಹಕ್ಕಿಗಳನ್ನು ಯಾರೂ ಕರೆಯಲಿಲ್ಲ, ಅವು ತಾವಾಗಿ ಬಂದವು. ರೈತನಿಗಾಗಿ ನಿಲ್ಲಿಸಿದ ನೀರಿನಲ್ಲಿ ಹಕ್ಕಿಗೂ ಪಾಲು ದೊರೆಯಿತು.

ಅನಂತರದ ಮುನ್ನೂರು ವರ್ಷ ಆ ತಿಟ್ಟುಗಳಿಗೆ ಕಾನೂನಿನ ರಕ್ಷಣೆ ಇರಲಿಲ್ಲ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದವರು ಇಲ್ಲಿಯ ಗೂಡುಗಳನ್ನು ಕಂಡು, ಇವನ್ನು ಉಳಿಸಬೇಕೆಂದು ಅರಸೊತ್ತಿಗೆಗೆ ತಿಳಿಯಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಆರು ಚಿಕ್ಕ ನಡುಗಡ್ಡೆಗಳು, ಎಲ್ಲ ಸೇರಿ ಸುಮಾರು 40 ಎಕರೆ. ನಮ್ಮ ಕಡೆಯ ಒಬ್ಬ ಅನುಕೂಲಸ್ಥ ರೈತನ ಹಿಡುವಳಿಗಿಂತ ಬಹಳ ದೊಡ್ಡದೇನಲ್ಲ. ಹೊಳೆಯ ಹರವನ್ನೂ ಸೇರಿಸಿದ 517 ಹೆಕ್ಟೇರು ಪ್ರದೇಶಕ್ಕೆ 2022ರಲ್ಲಿ ರಾಮ್ಸಾರ್ ಒಪ್ಪಂದದ ಮನ್ನಣೆ ದೊರೆಯಿತು. ಕರ್ನಾಟಕಕ್ಕೆ ಅದೇ ಮೊದಲನೆಯದು.

ದೋಣಿಯವನು ಹುಟ್ಟು ಹಾಕುತ್ತ ಒಂದೊಂದನ್ನೇ ತೋರಿಸಿದ. ಅವನ ಕಣ್ಣಿಗೆ ಬಿದ್ದಷ್ಟು ನನ್ನ ಕನ್ನಡಕಕ್ಕೆ ಬೀಳಲಿಲ್ಲ. ಬಣ್ಣದ ಕೊಕ್ಕರೆಗಳು ಮರದ ನೆತ್ತಿಯಲ್ಲಿ ಕಡ್ಡಿಯ ಮೇಲೆ ಕಡ್ಡಿ ಜೋಡಿಸುತ್ತಿದ್ದವು. ಹೆಜ್ಜಾರ್ಲೆಗಳ ಗಂಟಲ ಚೀಲವನ್ನು ಕಂಡು ಮೊಮ್ಮಗಳು, "ತಾತ, ಅದರ ಜೋಳಿಗೆ ನೋಡು" ಎಂದಳು. ಮಠದಲ್ಲಿ ಬೆಳೆದ ನನಗೆ ಆ ಹೋಲಿಕೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಚಮಚದಂಥ ಕೊಕ್ಕಿನ ಹಕ್ಕಿ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ ನೀರನ್ನು ಜಾಲಿಸುತ್ತಿತ್ತು. ಬಾಯ್ಕಳಕವೆಂಬ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಮುಖ್ಯ ಆಹಾರ ನೀರಿನ ಬಸವನಹುಳು. ಕರಿಯ ನೀರುಕಾಗೆಗಳು ಮೈ ಒಣಗಿಸಲು ರೆಕ್ಕೆ ಹರಡಿ ಕುಳಿತಿದ್ದವು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಅದು ಕೋಪವಲ್ಲ, ಮೈಯ ಕಾವನ್ನು ಇಳಿಸಿಕೊಳ್ಳುವ ಉಪಾಯ. ನೆಲದ ಮೇಲಿಂದ ಬರುವ ಬೇಟೆಗಾರ ಪ್ರಾಣಿಗೆ ಈ ನೀರೇ ಕಂದಕ, ಮೊಸಳೆಯೇ ಕಾವಲು. ಕಾಯುವ ಮೊಸಳೆಯೇ ಗೂಡಿನಿಂದ ಜಾರಿದ ಮರಿಯನ್ನು ನುಂಗುವುದೂ ಉಂಟು. ಕಾವಲಿಗೆ ಕೂಲಿ ಎಂದುಕೊಳ್ಳಬೇಕು.

ಈಗ ನಮ್ಮ ದಿಣ್ಣೆಯ ವಿಚಾರ. ನನಗಾಗ ಹತ್ತೋ ಹನ್ನೊಂದೋ ವಯಸ್ಸು. ಮಠದ ವಿದ್ಯಾರ್ಥಿನಿಲಯಕ್ಕೆ ಸೇರುವ ಮುಂಚಿನ ಮಾತು. ಮಳೆ ಚೆನ್ನಾಗಿ ಆದ ವರ್ಷ ನಾವು ಮೂವರು ಗೆಳೆಯರು ಕೆರೆ ಈಜಿ ದಿಣ್ಣೆ ಸೇರಿ ಜಾಲಿಮರ ಹತ್ತಿದೆವು. ಬೆಳ್ಳಕ್ಕಿಯ ಗೂಡಿನಲ್ಲಿ ತಿಳಿನೀಲಿಯ ಮೂರು ಮೊಟ್ಟೆಗಳಿದ್ದವು. ತಲೆಗೆ ಸುತ್ತಿದ್ದ ವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ತಿನ್ನುವುದಕ್ಕಲ್ಲ, ನಮ್ಮದು ಮೊಟ್ಟೆ ಮುಟ್ಟದ ಮನೆ; ಬಣ್ಣ ಚೆಂದವಿತ್ತು, ಅಷ್ಟೆ. ಅಜ್ಜಿ ಬೈಯಲಿಲ್ಲ. "ಮರಿ, ಬಾಣಂತಿ ಮನೆ ಬರಿದು ಮಾಡಿ ಬಂದೆಯಲ್ಲಪ್ಪ" ಎಂದಳು. ಆ ಹೊತ್ತಿಗೇ ತಿರುಗಿ ಈಜಿ, ಗೂಡಿನಲ್ಲಿಟ್ಟು ಬಂದೆ. ಮೂರು ದಿನ ಏರಿಯ ಮೇಲೆ ಕುಳಿತು ನೋಡಿದೆ. ತಾಯಿ ಆ ಗೂಡಿಗೆ ಬರಲಿಲ್ಲ. ಈ ಸಂಗತಿಯನ್ನು ಐವತ್ತು ವರ್ಷಕ್ಕೂ ಮಿಕ್ಕಿ ಯಾರಲ್ಲೂ ಆಡಿರಲಿಲ್ಲ. ದೋಣಿಯಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ಹೇಳದಿದ್ದರೆ ನೀನು ಇಟ್ಟುಕೊಳ್ಳುತ್ತಿದ್ದೆಯಾ?" ಎಂದು ಕೇಳಿದಳು. ಇಟ್ಟುಕೊಳ್ಳುತ್ತಿದ್ದೆ ಎಂದೇ ಉತ್ತರಿಸಬೇಕಾಯಿತು.

ತಿಟ್ಟಿಗೆ ಬೇಲಿಯುಂಟು, ಕಾವಲುಗಾರರುಂಟು, ಕಾಯಿದೆಯುಂಟು. ಆದರೂ ಅದರ ಕಷ್ಟ ಮುಗಿದಿಲ್ಲ. ಮೇಲ್ಗಡೆ ಕನ್ನಂಬಾಡಿ ಕಟ್ಟೆಯಿದೆ. ಮುಂಗಾರು ಬಿರುಸಾದ ವರ್ಷ ಅಲ್ಲಿಂದ ನೀರು ಬಿಟ್ಟಾಗ ತಿಟ್ಟುಗಳ ಮೇಲೆಯೇ ಹೊಳೆ ಹರಿಯುತ್ತದೆ, ಕೆಳಗಿನ ಕೊಂಬೆಯ ಗೂಡುಗಳು ಮರಿಸಮೇತ ಕೊಚ್ಚಿಹೋಗುತ್ತವೆ, ದಡದ ಮಣ್ಣು ಕರಗುತ್ತದೆ. ಮರಳಿನ ಮೂಟೆ ಜೋಡಿಸಿ ದಡವನ್ನು ಉಳಿಸಿಕೊಳ್ಳುವ ಪ್ರಯತ್ನ ನಡೆದಿದೆ. ಕಟ್ಟೆ ತುಂಬಿದ ಮೇಲೆ ನೀರು ಬಿಡದೆ ವಿಧಿಯಿಲ್ಲ, ಯಾರನ್ನು ದೂರೋಣ?

ಇನ್ನೊಂದು ಕಷ್ಟ ಕಣ್ಣಿಗೆ ಕಾಣುವಂಥದಲ್ಲ. ತಿಟ್ಟು ಹಕ್ಕಿಗಳ ತೊಟ್ಟಿಲು ಮಾತ್ರ; ಅಡುಗೆಮನೆ ಬೇರೆಡೆ ಇದೆ. ಸುತ್ತಲ ಗದ್ದೆ, ನಾಲೆ, ಊರೂರ ಕೆರೆಗಳಿಗೆ ಹಾರಿಹೋಗಿ ಮೀನು, ಕಪ್ಪೆ, ಹುಳುಗಳನ್ನು ನುಂಗಿ ಬಂದು, ಮರಿಗಳ ಮುಂದೆ ಕಕ್ಕಿ ಉಣಿಸುತ್ತವೆ. ಗದ್ದೆಗೆ ಹೊಡೆದ ವಿಷ ಬಸವನಹುಳುವಿಗೆ ತಟ್ಟಿದರೆ, ಕೆರೆಗೆ ಚರಂಡಿ ಸೇರಿ ಮೀನು ಸತ್ತರೆ, 40 ಎಕರೆಯ ಬೇಲಿ ಏನು ಮಾಡೀತು? ಸರ್ಕಾರದ ಫಲಕ ಇರುವಲ್ಲಿ ಮಾತ್ರ ಹಕ್ಕಿಯಿದೆ ಎಂದು ತಿಳಿಯುವುದು ನಮ್ಮ ಕಾಲದ ಒಂದು ಮಂಕು.

ಫಲಕಕ್ಕೆ ಕಾಯದ ಊರುಗಳೂ ಇವೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಅಜ್ಜಿ ಬೆಳ್ಳೂರನ್ನು ಕಂಡವಳಲ್ಲ, ಮಾತು ಮಾತ್ರ ಅದೇ. ಇನ್ನು ಹಗರಿಬೊಮ್ಮನಹಳ್ಳಿ ಸೀಮೆಯ ಅಂಕಸಮುದ್ರವನ್ನು ನೋಡಿ: ಹಿಂದಿನವರು ಬೇಸಾಯಕ್ಕೆಂದು ಕಟ್ಟಿದ ಊರಕೆರೆ, ವಿಸ್ತಾರ 98 ಹೆಕ್ಟೇರಿಗಿಂತ ತುಸು ಹೆಚ್ಚು, ನೀರಿನೊಳಗೆ ನಿಂತ ಕರಿಜಾಲಿಯ ಮರಗಳು. ವರ್ಷಕ್ಕೆ 30,000ಕ್ಕೂ ಮಿಕ್ಕಿ ನೀರುಹಕ್ಕಿಗಳಿಗೆ ಅದು ಆಸರೆ. 2024ರಲ್ಲಿ ಅದಕ್ಕೂ, ಗದಗ ಜಿಲ್ಲೆಯ ಮಾಗಡಿ ಕೆರೆಗೂ ರಾಮ್ಸಾರ್ ಮನ್ನಣೆ ಬಂದಿತು. ಜಾಲಿಮರದ ಕೆರೆ ಎಂದು ಓದಿದಾಗ ನನಗೆ ನೆನಪಾದದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಹಿಂದಿರುಗುವಾಗ ಹೊಸಕೋಟೆಯ ದೊಡ್ಡ ಕೆರೆಯ ಬಳಿ ಕಾರು ನಿಲ್ಲಿಸಿದೆವು. ದಕ್ಷಿಣ ಪಿನಾಕಿನಿಯ ಹಾದಿಯಲ್ಲಿರುವ ಕೆರೆ. ಹೆದ್ದಾರಿಯ ಲಾರಿಗಳ ಸದ್ದು ಒಂದು ಕಡೆ, ಸಂಜೆಯ ನೀರು ಇನ್ನೊಂದು ಕಡೆ. ದಡದ ಕೆಸರಿನಲ್ಲಿ ಎರಡು ಬಾಯ್ಕಳಕಗಳು ಬಗ್ಗಿ ಬಗ್ಗಿ ಹುಡುಕುತ್ತಿದ್ದವು. ಬೆಳಿಗ್ಗೆ ಕಲಿತ ಹೆಸರನ್ನು ಮೊಮ್ಮಗಳು ತಪ್ಪಿಲ್ಲದೆ ಹೇಳಿದಳು. ಮರುದಿನ ಹೊತ್ತಾರೆ ನಮ್ಮ ದಿಣ್ಣೆಯನ್ನು ತೋರಿಸೆಂದು ಹಟ ಹಿಡಿದಳು. ಏರಿಯ ಮೇಲೆ ಇಬ್ಬರೂ ನಿಂತೆವು. ನೀರು ಕಡಿಮೆಯಿತ್ತು, ದಿಣ್ಣೆಗೆ ನಡೆದೇ ಹೋಗಬಹುದಿತ್ತು. ಒಂದೇ ಒಂದು ಜಾಲಿ ಉಳಿದಿತ್ತು. ಗೂಡಿದೆಯೇ ಎಂದು ಅವಳು ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಹತ್ತಿರ ಹೋಗೋಣವೇ ಎಂದೆ. ಬೇಡ ತಾತ, ಇಲ್ಲಿಂದಲೇ ನೋಡೋಣ ಎಂದಳು.