ನಿಂತ ನೆಲದ ಸುದ್ದಿ ಯಾವ ಭಾಷೆಯಲ್ಲಿ?

ಮುಂಬಯಿಯಲ್ಲಿ ಕನ್ನಡ ಉಳಿಯುತ್ತದೆಯೇ ಎಂಬ ಪ್ರಶ್ನೆ ನಮ್ಮ ಸಂಘಗಳ ವೇದಿಕೆಯಲ್ಲಿ ಎದ್ದಾಗಲೆಲ್ಲ ಮಾತು ಬಹಳ ಬೇಗ ಅಡುಗೆಮನೆಗೆ ಹೋಗಿ ನಿಲ್ಲುತ್ತದೆ. ಮಕ್ಕಳ ಜೊತೆ ಮನೆಯಲ್ಲಿ ಕನ್ನಡ ಮಾತಾಡಿ, ತಾಯಿನುಡಿಯನ್ನು ಬಿಡಬೇಡಿ ಎಂದು ಹಿರಿಯರು ಕೇಳಿಕೊಳ್ಳುತ್ತಾರೆ. ಆ ಕಳಕಳಿ ದೊಡ್ಡದು. ಆದರೆ ಬಾಂದ್ರಾದಲ್ಲಿ ಬೆಳೆದು, ಈಗ ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿರುವ ನನಗೆ ಈ ಬುದ್ಧಿಮಾತು ನಮ್ಮ ಪರಿಸ್ಥಿತಿಗೆ ಹೊಂದುವುದಿಲ್ಲ ಅನ್ನಿಸುತ್ತದೆ. ಕರಾವಳಿಯಿಂದ ಬಂದ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಕನ್ನಡ ಯಾವತ್ತೂ ಮನೆಮಾತಾಗಿರಲಿಲ್ಲ.

ನಮ್ಮ ಮನೆಯಲ್ಲಿ ತುಳು. ಕೆಳಗಿನ ಮಹಡಿಯ ಮಂಗಳೂರು ಕಥೋಲಿಕರ ಮನೆಯಲ್ಲಿ ಕೊಂಕಣಿ. ಆ ಮನೆಯ ಅಜ್ಜಿ ಓದುವ ಕೊಂಕಣಿಯೂ ಕನ್ನಡ ಲಿಪಿಯದು. ಮಂಗಳೂರಿನಿಂದ 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆ ಅವರಿಗೆ ಪ್ರಾರ್ಥನೆಯಷ್ಟೇ ರೂಢಿ. ನಮ್ಮ ಅಜ್ಜ ಹದಿವಯಸ್ಸಿನಲ್ಲಿ ಹೋಟೆಲಿಗೆ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಕಟ್ಟಿದವರು. ಅವರು ಜಗಳವಾಡಿದ್ದು, ನಕ್ಕಿದ್ದು, ದೈವದ ಮುಂದೆ ಕೈ ಮುಗಿದದ್ದು ಎಲ್ಲವೂ ತುಳುವಿನಲ್ಲಿ. ಊರಿಗೆ ಕಾಗದ ಬರೆದದ್ದು, ಪೇಪರ್ ಓದಿದ್ದು, ಲೆಕ್ಕದ ಪುಸ್ತಕ ಇಟ್ಟದ್ದು ಕನ್ನಡದಲ್ಲಿ. ಕನ್ನಡ ನಮಗೆ ಅಕ್ಷರವಾಗಿ ಬಂದ ಭಾಷೆ.

ಜನಗಣತಿಗೆ ಇದು ಕಾಣುವುದಿಲ್ಲ. 2011ರ ಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ತುಳುವರ ಲೆಕ್ಕ ಬೇರೆ, ಕೊಂಕಣಿಗರ ಲೆಕ್ಕ ಬೇರೆ. ಗಣತಿದಾರರು ಮಾತೃಭಾಷೆ ಕೇಳುತ್ತಾರೆ, ಬಲ್ಲ ಇನ್ನೆರಡು ಭಾಷೆ ಕೇಳುತ್ತಾರೆ, ಓದು ಬರಹ ಬರುತ್ತದೆಯೇ ಎಂದೂ ಕೇಳುತ್ತಾರೆ. ಯಾವ ಭಾಷೆಯಲ್ಲಿ ಓದುತ್ತೀರಿ ಎಂದು ಕೇಳುವುದಿಲ್ಲ. ಹಾಗಾಗಿ ಅರವತ್ತು ವರ್ಷ ದಿನವೂ ಕನ್ನಡ ಪತ್ರಿಕೆ ಓದಿದ ಮನುಷ್ಯ ಕನ್ನಡದ ಲೆಕ್ಕದಿಂದ ಹೊರಗೇ ಉಳಿಯುತ್ತಾನೆ.

ಹುಟ್ಟಿನಿಂದ ಬಾರದ ಭಾಷೆ ಒಬ್ಬನ ಗುರುತಾಗುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ನಾನು ಬಾಂದ್ರಾ ಬಿಟ್ಟು ಹೋಗಬೇಕಿಲ್ಲ. ಕನ್ನಡದ ಕಾದಂಬರಿಕಾರ ಯಶವಂತ ಚಿತ್ತಾಲರು ಬಾಳಿದ್ದು ಇಲ್ಲೇ, ಬ್ಯಾಂಡ್‌ಸ್ಟ್ಯಾಂಡ್‌ನ ಕಡಲಿನ ಪಕ್ಕದಲ್ಲಿ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದರು, ಮನೆಮಾತು ಕೊಂಕಣಿ, ವೃತ್ತಿಯಲ್ಲಿ ಪಾಲಿಮರ್ ವಿಜ್ಞಾನಿ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರವರೆಗೂ ಆ ಕಡೆಯ ಜನಕ್ಕೆ ಮುಂಬಯಿಯೇ ರಾಜಧಾನಿ. ಧಾರವಾಡ, ಬೆಳಗಾವಿ, ವಿಜಾಪುರದವರಿಗೂ ಅಷ್ಟೆ. ನಮ್ಮನ್ನು ಹೊರನಾಡ ಕನ್ನಡಿಗರು ಎಂದು ಕರೆಯುವಾಗ ಈ ಸಂಗತಿ ಮರೆತೇ ಹೋಗುತ್ತದೆ. ಚಿತ್ತಾಲರ ತಲೆಮಾರಿನವರು ಬಂದದ್ದು ಪರರಾಜ್ಯಕ್ಕಲ್ಲ, ತಮ್ಮದೇ ಪ್ರಾಂತದ ದೊಡ್ಡ ಪೇಟೆಗೆ. ಅವರು ಇಲ್ಲಿರುವಾಗಲೇ ಗಡಿ ಸರಿದುಹೋಯಿತು.

1979ರಲ್ಲಿ ಬಂದ ಅವರ ಕಾದಂಬರಿ ‘ಶಿಕಾರಿ’ಯನ್ನು ನಾನು ಓದಿದ್ದು ತರಗತಿಗಾಗಿ. ಕಂಪನಿಯಿಂದ ಇದ್ದಕ್ಕಿದ್ದಂತೆ ಅಮಾನತಾದ ನಾಗಪ್ಪನ ಹೆದರಿಕೆ, ಯಾರು ತನ್ನ ವಿರುದ್ಧ ಏನು ಹೂಡುತ್ತಿದ್ದಾರೆಂಬ ಗುಮಾನಿ, ಕಚೇರಿಯ ರಾಜಕೀಯದಲ್ಲಿ ಜಾತಿಯೂ ಊರಿನ ಹಳೆಯ ಲೆಕ್ಕಗಳೂ ಬೆರೆಯುವ ರೀತಿ, ಇದೆಲ್ಲ ಮುಂಬಯಿಯದೇ. ಕನ್ನಡ ಅಲ್ಲಿ ಊರನ್ನು ನೆನೆದು ಹಂಬಲಿಸಲು ಮಾತ್ರ ಒದಗಿ ಬಂದಿಲ್ಲ. ಈ ನಗರದೊಳಗೆ ಒಬ್ಬ ಮನುಷ್ಯ ಹೇಗೆ ಮುರಿಯುತ್ತಾನೆ, ಹೇಗೆ ತಡೆದು ನಿಲ್ಲುತ್ತಾನೆ ಎಂದು ಅರಿಯಲು ಚಿತ್ತಾಲರು ಅದನ್ನು ದುಡಿಸಿಕೊಂಡರು. ಗೋಕರ್ಣದ ಕೊಂಕಣಿ ಮನೆಯಿಂದ ಬಂದ ಜಯಂತ ಕಾಯ್ಕಿಣಿ ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿದ್ದು ಇದೇ ಕೆಲಸವನ್ನು ಕತೆಗಳಲ್ಲಿ ಮಾಡಿದರು. ತೇಜಸ್ವಿನಿ ನಿರಂಜನ ಅನುವಾದಿಸಿದ ಆ ಮುಂಬಯಿ ಕತೆಗಳಿಗೆ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ, ಬೇರೆ ಭಾಷೆಯ ನನ್ನ ಗೆಳೆಯರು ನಮ್ಮೂರಿನ ಬಗ್ಗೆ ಕನ್ನಡದಲ್ಲಿ ಇಷ್ಟು ಬರೆದಿದ್ದಾರೆಯೇ ಎಂದು ಅಚ್ಚರಿಪಟ್ಟರು. ಉಡುಪಿ ಕಡೆಯಿಂದ ಬಂದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಗೆ 1986ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತ್ತು. ದೂರದ ಹಾಸನದಲ್ಲಿ, ದಖನಿ ಉರ್ದು ಮನೆಮಾತಿನ ಬಾನು ಮುಷ್ತಾಕ್ ಕನ್ನಡದಲ್ಲಿ ಬರೆದ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವು. ಇವರಲ್ಲಿ ಯಾರನ್ನು ಮನೆಮಾತಿನ ಆಧಾರದ ಮೇಲೆ ಕನ್ನಡದಿಂದ ಆಚೆ ಇಡಲಾದೀತು?

ಸಾಹಿತ್ಯ ಮಾಡಿದ ಈ ಕೆಲಸವನ್ನು ನಮ್ಮ ಸುದ್ದಿ ಮಾಡಿತೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಮುಂಬಯಿಯ ಕನ್ನಡ ದಿನಪತ್ರಿಕೆಯ ಯಾವುದಾದರೂ ಒಂದು ಒಳಪುಟ ತೆಗೆಯಿರಿ. ಮೇಲ್ಗಡೆ ಸಂಘದ ವಾರ್ಷಿಕೋತ್ಸವದ ಫೋಟೊ. ಸಾಲಾಗಿ ನಿಂತವರ ಹೆಗಲ ಮೇಲೆ ಶಾಲು, ಕೈಯಲ್ಲಿ ಸ್ಮರಣಿಕೆ, ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು. ಪಕ್ಕದಲ್ಲಿ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಬಿಡುಗಡೆ. ಯಕ್ಷಗಾನ ತಾಳಮದ್ದಳೆಯ ವರದಿ. ಕೆಳಗಡೆ ಉತ್ತರಕ್ರಿಯೆಯ ಜಾಹೀರಾತು. ತೀರಿಕೊಂಡವರ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ಊರಿನ ಮನೆಯ ಹೆಸರು, ಮುಂಬಯಿಯಲ್ಲಿ ನುಡಿನಮನ ನಡೆಯುವ ಸಭಾಗೃಹ. ಇದನ್ನು ಹಗುರವಾಗಿ ಕಾಣುವವರ ಜೊತೆ ನನ್ನ ಸಹಮತವಿಲ್ಲ. ಲಕ್ಷಗಟ್ಟಲೆ ಜನರ ನಡುವೆ ಹೆಸರಿಲ್ಲದೆ ದುಡಿದವನಿಗೆ ತನ್ನ ಹೆಸರು ತಾನು ಓದಬಲ್ಲ ಅಕ್ಷರದಲ್ಲಿ ಅಚ್ಚಾಗಿ ಬರುವುದು ಸಣ್ಣ ಮಾತಲ್ಲ. 1960ರ ದಶಕದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದು ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದಾಗ ಜನ ಒಟ್ಟಾಗಿ ನಿಂತದ್ದೂ ಈ ಸಂಘಗಳ ಆಸರೆಯಲ್ಲೇ. ರಾತ್ರಿ ಶಾಲೆಗಳನ್ನು ನಡೆಸಿದ್ದೂ ಅವೇ.

ಆದರೂ ಅದೇ ಪುಟದಲ್ಲಿ ಇಲ್ಲದ್ದು ಬಹಳ. ಬಾಡಿಗೆ ಏರಿದ್ದು, ಚಾಳು ಕೆಡವಿ ಪುನರಾಭಿವೃದ್ಧಿಗೆ ಕೊಟ್ಟದ್ದು, ನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದದ್ದು ಇವೆಲ್ಲ ಅಲ್ಲಿ ಅಪರೂಪ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳು ಇನ್ನೂ ಅಪರೂಪ. ಅವರಲ್ಲಿ ಅನೇಕರು ಮನೆಯಲ್ಲೂ ಕನ್ನಡವನ್ನೇ ಆಡುವವರು. ತಾಯಿನುಡಿಯ ಭಾಷಣ ಮಾಡುವ ವೇದಿಕೆಗಳಲ್ಲಿ ಅವರಿಗೆ ಕುರ್ಚಿ ಇಲ್ಲ, ಪತ್ರಿಕೆಯ ಫೋಟೊದಲ್ಲಿ ಜಾಗ ಇಲ್ಲ. ಇದು ನನಗೆ ನೋವಿನ ವಿಷಯ.

2020ರ ಏಪ್ರಿಲ್ 14ರಂದು ಇದರ ಬೆಲೆ ಏನೆಂದು ಗೊತ್ತಾಯಿತು. ಲಾಕ್‌ಡೌನ್ ಮೇ 3ರವರೆಗೆ ಮುಂದುವರಿಯುತ್ತದೆಂದು ಪ್ರಧಾನಿ ಘೋಷಿಸಿದ ದಿನವೇ ಬಾಂದ್ರಾ ಸ್ಟೇಷನ್ನಿನ ಹೊರಗೆ ಸಾವಿರಾರು ವಲಸೆ ಕಾರ್ಮಿಕರು ಸೇರಿದರು. ಊರಿಗೆ ರೈಲು ಬಿಡುತ್ತಾರೆಂಬ ಸುದ್ದಿ ಹಬ್ಬಿತ್ತು. ಪೊಲೀಸರು ಲಾಠಿ ಬೀಸಿದರು. ಹತ್ತಿರದಲ್ಲೇ ಮಸೀದಿ ಇದ್ದದ್ದರಿಂದ ಕೆಲವರು ಅದಕ್ಕೆ ಕೋಮಿನ ಬಣ್ಣ ಬಳಿದರು. ರೈಲಿನ ಸುದ್ದಿ ಕೊಟ್ಟ ಮರಾಠಿ ವಾಹಿನಿಯ ವರದಿಗಾರರೊಬ್ಬರ ಬಂಧನವಾಗಿ, ಬಳಿಕ ಜಾಮೀನು ಸಿಕ್ಕಿತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ನಡೆದ ಈ ಘಟನೆಯನ್ನು ನಾವು ತಿಳಿದದ್ದು ಹಿಂದಿ ಟಿವಿಯಿಂದ. ಅದೇ ಹೊತ್ತಿಗೆ ಬಾಗಿಲು ಹಾಕಿದ ಹೋಟೆಲುಗಳ ಮಾಳಿಗೆಗಳಲ್ಲಿ ನಮ್ಮ ಕಡೆಯ ಹುಡುಗರು ಸಂಬಳವಿಲ್ಲದೆ ಕೂತಿದ್ದರು. ಅವರಿಗೆ ಬೇಕಿದ್ದ ಉತ್ತರಗಳು ಸರಳ: ಪಾಸ್ ಎಲ್ಲಿ ಸಿಗುತ್ತದೆ, ಗಡಿಯಲ್ಲಿ ಬಿಡುತ್ತಾರೆಯೇ, ಊರಿನಲ್ಲಿ ಎಲ್ಲಿ ಇರಿಸುತ್ತಾರೆ. ಅವು ಓಡಾಡಿದ್ದು ವಾಟ್ಸ್‌ಆಪ್‌ನಲ್ಲಿ, ನಿಜವೂ ಸುಳ್ಳೂ ಬೆರೆತು.

ಮೇ ತಿಂಗಳಲ್ಲಿ ಅವರು ಉಡುಪಿ ತಲುಪಿದಾಗ, ಜಿಲ್ಲೆಯಲ್ಲಿ ಸೋಂಕಿನ ಸಂಖ್ಯೆ ಏರಿದಾಗ, ಕರ್ನಾಟಕದ ಕೆಲವು ಟಿವಿ ಶೀರ್ಷಿಕೆಗಳಲ್ಲಿ ಮುಂಬಯಿ ಎಂಬುದೇ ರೋಗದ ಹೆಸರಾಯಿತು. 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರನ್ನು ತಿಂಗಳ ಕೊನೆಯವರೆಗೆ ತಡೆಯಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಕುರಿತು ಕನ್ನಡದಲ್ಲಿ ದಿನವಿಡೀ ಮಾತಾಗುತ್ತಿತ್ತು, ನಾವು ಮಾತಾಡಿದ್ದು ಅಲ್ಲಿ ಇರಲಿಲ್ಲ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಊರಿನ ಶಾಲೆಯ ಕಟ್ಟಡಕ್ಕೆ ದೇಣಿಗೆ ಕೊಟ್ಟಾಗ ಮುಂಬಯಿಯ ಉದ್ಯಮಿ ನಮ್ಮವನು. ಕೈಚೀಲ ಹಿಡಿದು ಬಂದಾಗ ಅವನು ಹೊರಗಿನವನು. ಇಲ್ಲಿ ನಾವು ಬದುಕುವ ಬಗೆಯನ್ನು ಅಷ್ಟು ವರ್ಷ ಕನ್ನಡದಲ್ಲಿ ದಿನನಿತ್ಯ ಬರೆದಿದ್ದರೆ ಊರಿನ ಓದುಗನಿಗೆ ಆ ಹುಡುಗರ ಮುಖ ಪರಿಚಯವಿರುತ್ತಿತ್ತು ಎಂದೇ ನಾನು ನಂಬುತ್ತೇನೆ.

ಮಹಾರಾಷ್ಟ್ರದಲ್ಲಿದ್ದು ಮುಂಬಯಿಯ ಸುದ್ದಿಗೆ ಕನ್ನಡ ಏಕೆ, ಮರಾಠಿ ಓದಿದರೆ ಸಾಲದೇ ಎಂದು ನನ್ನ ಮರಾಠಿ ಗೆಳತಿ ಕೇಳಿದಳು. ಮರಾಠಿ ಓದಲೇಬೇಕು, ನಾನು ಓದುತ್ತೇನೆ. ಒಂದನೇ ತರಗತಿಯಿಂದ ಹಿಂದಿ ಎಂಬ ಆದೇಶಗಳ ವಿರುದ್ಧ ಮರಾಠಿಗರು ಎದ್ದು ನಿಂತು, 2025ರ ಜೂನ್ 29ರಂದು ಸರ್ಕಾರ ಅವನ್ನು ಹಿಂತೆಗೆದುಕೊಂಡಾಗ ನನಗೆ ಅವರ ಸಂಕಟ ಅರ್ಥವಾಗುತ್ತಿತ್ತು. ಆದರೆ ಒಂದೇ ಊರಿನಲ್ಲಿದ್ದರೂ ಎಲ್ಲರ ಪ್ರಶ್ನೆ ಒಂದೇ ಇರುವುದಿಲ್ಲ. ಹೋಟೆಲಿನ ಮಾಳಿಗೆಯಲ್ಲಿ ಮಲಗುವವನಿಗೆ ರೇಷನ್ ಕಾರ್ಡು ಊರಿನಲ್ಲಿ, ಮತ ಊರಿನಲ್ಲಿ, ದುಡಿಮೆ ಇಲ್ಲಿ. ಅವನ ಪ್ರಶ್ನೆ ಮರಾಠಿ ಪತ್ರಿಕೆಯ ಮೇಜಿಗೂ ಬರುವುದಿಲ್ಲ, ಬೆಂಗಳೂರಿನ ಮೇಜಿಗೂ ಬರುವುದಿಲ್ಲ. ಅದನ್ನು ಕೇಳಬೇಕಾದವರು ಇಲ್ಲೇ ಇದ್ದು ಕನ್ನಡದಲ್ಲಿ ಬರೆಯುವವರು. ಹಾಗೆ ಕೇಳುವುದರಿಂದ ಮರಾಠಿಗೆ ಏನೂ ಕಡಿಮೆಯಾಗುವುದಿಲ್ಲ.

ನಮ್ಮ ಪೀಳಿಗೆಗೆ ಪತ್ರಿಕೆ ಹೊರತರುವ ದುಡ್ಡಿಲ್ಲ ಎಂಬುದು ನಿಜ, ಆದರೆ ಕಾಲಿದೆ, ಫೋನಿದೆ, ಅಕ್ಷರವಿದೆ. ಬಾಂದ್ರಾ ಪೂರ್ವದ ಸರ್ಕಾರಿ ನೌಕರರ ಕಾಲೊನಿಯ ಜಾಗದಲ್ಲಿ ಹೈಕೋರ್ಟಿನ ಹೊಸ ಕಟ್ಟಡ ಬರಲಿದೆ. ಹಳೆಯ ಮನೆಗಳನ್ನು ನಂಬಿ ಸುತ್ತಲೂ ಬೆಳೆದ ಚಹಾದಂಗಡಿ, ಇಸ್ತ್ರಿ ಅಂಗಡಿ, ಊಟದ ಮನೆಗಳಿಗೆ ಏನಾಗುತ್ತದೆ? ಅವುಗಳಲ್ಲಿ ದುಡಿಯುವವರಲ್ಲಿ ಕನ್ನಡ ಓದುವವರು ಎಷ್ಟು ಮಂದಿ, ಅವರಿಗೆ ಈ ಸುದ್ದಿ ಮೊದಲು ಹೇಳಿದವರು ಯಾರು, ಯಾವ ಭಾಷೆಯಲ್ಲಿ? ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ನಾನು ಈ ಪ್ರಶ್ನೆಗಳನ್ನೇ ಬರೆದು ಕೊಟ್ಟಿದ್ದೇನೆ. ಕಾದಂಬರಿಯೊಂದನ್ನು ಆರಿಸಿಕೊಂಡರೆ ಸುಲಭವಾಗುತ್ತಿತ್ತಲ್ಲ ಎಂದು ಗುರುಗಳು ಕೇಳಿದರು. ‘ಶಿಕಾರಿ’ಯನ್ನು ಓದಿದ ಮೇಲೆಯೇ ಈ ವಿಷಯ ಹೊಳೆದದ್ದು ಸರ್ ಎಂದೆ. ಹಾಗಾದರೆ ಮೊದಲು ಹೋಟೆಲ್ ಹುಡುಗರ ಪಾಳಿಯ ಹೊತ್ತು ತಿಳಿದುಕೋ, ಮಧ್ಯಾಹ್ನ ಮೂರರಿಂದ ಐದರ ನಡುವೆ ಅವರಿಗೆ ಬಿಡುವು ಸಿಗುತ್ತದೆ ಎಂದರು.