ಷಟರ್ ಎತ್ತಲು ಕ್ಯಾಮೆರಾಕ್ಕೆ ಆಗಲಿಲ್ಲ

ಕಾವಲುಗಾರನ ಸಂಬಳ ಉಳಿಸಿ, ಸಿಸಿಟಿವಿ ಹಾಕಿಸಿ ಎಂದು ಕಳೆದ ಸಂಚಿಕೆಯ ಲೇಖನ ವ್ಯಾಪಾರಿಗಳಿಗೆ ಸಲಹೆ ಕೊಟ್ಟಿದೆ. ಲೆಕ್ಕ ಸರಿಯಿರಬಹುದು, ಸಲಹೆ ಮಾತ್ರ ಅಪಾಯಕಾರಿ.

2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂನಲ್ಲಿ ನಡೆದದ್ದನ್ನು ಲೇಖಕರು ಮರೆತಂತಿದೆ. ಹಣ ತೆಗೆಯಲು ಬಂದ ಮಹಿಳೆಯ ಹಿಂದೆಯೇ ಒಳನುಗ್ಗಿದವನು ಷಟರ್ ಎಳೆದ, ಮಚ್ಚಿನಿಂದ ಹೊಡೆದ, ದೋಚಿಕೊಂಡು ಹೋದ. ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯಿತು. ಬಾಗಿಲಲ್ಲಿ ಕಾವಲುಗಾರ ಇರಲಿಲ್ಲ. ಗಾಯಗೊಂಡ ಆಕೆ ಗಂಟೆಗಟ್ಟಲೆ ಒಳಗೇ ಬಿದ್ದಿದ್ದರು. ದಾಳಿಕೋರನ ಮುಖವನ್ನು ದೇಶವೇ ಟಿವಿಯಲ್ಲಿ ನೋಡಿದರೂ ಆರೋಪಿ ಸಿಕ್ಕಿದ್ದು 2017ರಲ್ಲಿ.

ಕ್ಯಾಮೆರಾ ಬೇಡವೆಂದಲ್ಲ. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಕಡೆ ಅದನ್ನು ಅಳವಡಿಸಿ, ದೃಶ್ಯಗಳನ್ನು 30 ದಿನ ಕಾಪಿಡಬೇಕೆಂದು ಕರ್ನಾಟಕದ ಕಾನೂನೇ ಹೇಳುತ್ತದೆ. ತನಿಖೆಗೆ, ನ್ಯಾಯಾಲಯಕ್ಕೆ ಅದು ಸಾಕ್ಷಿ. ಆದರೆ ಹಾಡಹಗಲೇ ಷಟರ್ ಇಳಿದಾಗ ‘ಯಾರದು?’ ಎಂದು ಕೂಗಲು, ಬಿದ್ದವರನ್ನು ಆಸ್ಪತ್ರೆಗೆ ಸೇರಿಸಲು ಮನುಷ್ಯನೇ ಬೇಕು.

ಕಾವಲುಗಾರ ನಿದ್ದೆ ಹೋಗುತ್ತಾನೆ ಎಂಬ ದೂರು ನಿಜ. ಎರಡು ಪಾಳಿ ಒಬ್ಬನಿಂದಲೇ ಮಾಡಿಸಿದರೆ ಇನ್ನೇನಾದೀತು? ಖಾಸಗಿ ಭದ್ರತಾ ಸಂಸ್ಥೆಗಳಿಗೆ ಪರವಾನಗಿ, ಸಿಬ್ಬಂದಿಗೆ ತರಬೇತಿ ಕಡ್ಡಾಯವೆಂದು 2005ರ ಕೇಂದ್ರ ಕಾಯ್ದೆ ಹೇಳುತ್ತದೆ. ವ್ಯಾಪಾರಿಗಳು ಮೊದಲು ಆ ಪರವಾನಗಿ, ತರಬೇತಿಯ ಬಗ್ಗೆ ಕೇಳಿ ನೋಡಲಿ. ಇಡೀ ದಿನದ ಸಂಬಳ ಕೊಡಲಾಗದವರು ಅಂಗಡಿ ತೆರೆಯುವ, ಮುಚ್ಚುವ, ಹಣ ಎಣಿಸುವ ಹೊತ್ತಿಗಾದರೂ ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಲಿ.